ಗಾಳಿಯ ತಡೆ ಮೀರಿದ ಎಲೆಕ್ಟ್ರಾನು: ಕಿಡಿಯಿಂದ ಸಿಡಿಲಿನವರೆಗೆ ಒಂದು ಸಮೀಕ್ಷೆ

ಏಪ್ರಿಲ್–ಮೇ ತಿಂಗಳಲ್ಲಿ ಸಹ್ಯಾದ್ರಿಯ ಪೂರ್ವ ಮಗ್ಗುಲಿನ ಊರುಗಳ ಮೇಲೆ ಸಂಜೆ ಹೊತ್ತಿಗೆ ಗುಡುಗುಮೋಡ ಕಟ್ಟುವುದು ಮಾಮೂಲು. ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆ ಅಂಥದ್ದೊಂದು ಊರು. ಅದರ ಮೇಲೆ ಹೊಳೆದ ಮಿಂಚು ಎಲ್ಲಿ, ಎಷ್ಟು ಹೊತ್ತಿಗೆ ಬಿತ್ತು ಎಂಬುದನ್ನು ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಜಾಲ ರೇಡಿಯೋ ತರಂಗ ಹಿಡಿದು ಪತ್ತೆ ಹಚ್ಚುತ್ತದೆ. ಆ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನವರಿಗೆ ಎಚ್ಚರಿಕೆ ಕೊಡುತ್ತದೆ. ಕರ್ನಾಟಕದಲ್ಲಿ ಅದೇ ಕೆಲಸಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ. ಆದರೆ ಸಿಡಿಲು ಬೆಳಕು, ಸದ್ದು, ರೇಡಿಯೋ ಅಲೆಗಳ ಜೊತೆಗೆ ಎಕ್ಸ್-ರೇಯನ್ನೂ ಹೊರಡಿಸುತ್ತದೆ, ಗುಡುಗುಮೋಡ ಗಾಮಾ ಕಿರಣವನ್ನೂ, ಒಮ್ಮೊಮ್ಮೆ ನ್ಯೂಟ್ರಾನನ್ನೂ ಹೊರಡಿಸುತ್ತದೆ. ಈ ಸಂಗತಿ ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ.

ಹಳೆಯ ಪಠ್ಯಪುಸ್ತಕದ ಪ್ರಕಾರ ಹೀಗಾಗುವಂತೆಯೇ ಇಲ್ಲ. ಎಕ್ಸ್-ರೇ ಹುಟ್ಟಬೇಕಾದರೆ ಸಾವಿರಾರು ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನು ಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಎಲೆಕ್ಟ್ರಾನು ಒಂದು ಮೈಕ್ರಾನಿನಷ್ಟು ದೂರ ಹೋಗುವುದರೊಳಗೆ ಯಾವುದಾದರೂ ಅಣುವಿಗೆ ಡಿಕ್ಕಿ ಹೊಡೆದು, ಗಳಿಸಿದ್ದನ್ನು ಕಳೆದುಕೊಳ್ಳುತ್ತದೆ. ಅಷ್ಟು ದಟ್ಟಣೆಯಲ್ಲಿ ಕೆಲವು ಎಲೆಕ್ಟ್ರಾನುಗಳು ಹೇಗೆ ತಪ್ಪಿಸಿಕೊಂಡು ಬೆಳಕಿನ ವೇಗದ ಸಮೀಪಕ್ಕೆ ಹೋಗುತ್ತವೆ? ಈ ಪ್ರಶ್ನೆಗೆ ನೂರು ವರ್ಷವಾಯಿತು. ಉತ್ತರ ಕೊಟ್ಟವರು ಮೂರು ಪಂಥವಾಗಿ ಒಡೆದಿದ್ದಾರೆ. ಪ್ರತಿ ಪಂಥವೂ ಒಂದಿಷ್ಟು ವಿವರಿಸುತ್ತದೆ, ಇನ್ನೊಂದಿಷ್ಟರ ಮುಂದೆ ಸುಮ್ಮನಾಗುತ್ತದೆ.

ಗಾಜಿನ ಕೊಳವೆಯ ಕಾಲ

ಅನಿಲದಲ್ಲಿ ವಿದ್ಯುತ್ ಹರಿಸುವ ವಿಜ್ಞಾನ ಬೆಳೆದದ್ದು ಗಾಜು ಊದುವವರ ಕೈಚಳಕದಿಂದ. 1857ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಗಾಜಿನ ಕುಶಲಕರ್ಮಿ ಹೈನ್ರಿಶ್ ಗೈಸ್ಲರ್ ಕೊಳವೆಯಿಂದ ಗಾಳಿಯನ್ನು ಚೆನ್ನಾಗಿ ಹೊರಗೆಳೆದು, ಎರಡು ತುದಿಗೆ ವೋಲ್ಟೇಜ್ ಕೊಟ್ಟಾಗ ಒಳಗೆ ಬಣ್ಣದ ಬೆಳಕು ಹೊಳೆಯಿತು. 1870ರ ದಶಕದಲ್ಲಿ ವಿಲಿಯಂ ಕ್ರೂಕ್ಸ್ ಕೊಳವೆಯನ್ನು ಇನ್ನಷ್ಟು ಬರಿದು ಮಾಡಿದರು. 1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗಿನಲ್ಲಿ ರಾಂಟ್ಗೆನ್ ಅಂಥದೇ ಕೊಳವೆಯಿಂದ ಎಕ್ಸ್-ರೇ ಕಂಡರು. 1897ರಲ್ಲಿ ಜೆ.ಜೆ. ಥಾಮ್ಸನ್ ಒಳಗೆ ಓಡುತ್ತಿರುವುದು ಎಲೆಕ್ಟ್ರಾನು ಎಂದು ತೋರಿಸಿದರು. ನಮ್ಮಲ್ಲಿ ಆಗಿನ್ನೂ ಗಾಜಿನ ಉದ್ಯಮವೇ ಬೇರೂರಿರಲಿಲ್ಲ. ಸ್ವದೇಶಿ ಚಳವಳಿಯ ಬಿಸಿಯಲ್ಲಿ, ಜನರಿಂದ ಪೈಸೆ ಪೈಸೆ ಕೂಡಿಸಿದ ‘ಪೈಸಾ ಫಂಡ್’ ಹಣದಿಂದ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ. ವಿಸರ್ಜನಾ ಕೊಳವೆಯ ಮೊದಲ ಅರ್ಧ ಶತಮಾನವೆಲ್ಲ ಯೂರೋಪಿನದಾಗಲು ಇದೂ ಒಂದು ಕಾರಣ.

ಈ ಕೊಳವೆಗಳಲ್ಲಿ ಎಕ್ಸ್-ರೇ ಹುಟ್ಟಿದ್ದರಲ್ಲಿ ಒಗಟೇನೂ ಇರಲಿಲ್ಲ. ಒಳಗೆ ಅನಿಲ ಇಲ್ಲವೆನ್ನುವಷ್ಟು ಕಡಿಮೆ. ಎಲೆಕ್ಟ್ರಾನು ಅಡೆತಡೆಯಿಲ್ಲದೆ ಓಡಿ ಎದುರಿನ ಲೋಹಕ್ಕೋ ಗಾಜಿಗೋ ಬಡಿಯುತ್ತಿತ್ತು. ಸಾಮಾನ್ಯ ಒತ್ತಡದ ಅನಿಲದ ಮಾತೇ ಬೇರೆ. ಅಲ್ಲಿ ಏನಾಗುತ್ತದೆಂದು ಜಾನ್ ಟೌನ್‌ಸೆಂಡ್ 1900ರ ಸುಮಾರಿಗೆ ವಿವರಿಸಿದರು: ಒಂದು ಎಲೆಕ್ಟ್ರಾನು ಅಣುವನ್ನು ಒಡೆದು ಇನ್ನೊಂದನ್ನು ಬಿಡಿಸುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಇದಕ್ಕೆ ಅವಲಾಂಚ್ ಎಂದು ಹೆಸರು. ಮುಂದೆ ರೇಥರ್, ಲೋಬ್, ಮೀಕ್ ಅವರು ಸ್ಟ್ರೀಮರ್ ಎಂಬ ಚುರುಕಾದ ಅಯಾನು ಎಳೆಗಳ ಸಿದ್ಧಾಂತ ಸೇರಿಸಿದರು. ಎರಡೂ ಸಿದ್ಧಾಂತಗಳಲ್ಲಿ ಎಲೆಕ್ಟ್ರಾನಿನ ಶಕ್ತಿ ಬರಿ ಕೆಲವು ಎಲೆಕ್ಟ್ರಾನ್-ವೋಲ್ಟ್. ಕಿಡಿಯಿಂದ ಎಕ್ಸ್-ರೇ ಬರುತ್ತದೆಯೇ ಎಂದು ಹುಡುಕುವ ಕಾರಣವೇ ಯಾರಿಗೂ ಇರಲಿಲ್ಲ.

ವಿಲ್ಸನ್ ಕಂಡ ದಾರಿ

ಹುಡುಕಬೇಕು ಎಂದವರು ಸಿ.ಟಿ.ಆರ್. ವಿಲ್ಸನ್. 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೆ ಮೋಡ ನೋಡುತ್ತ ಕಳೆದ ವಾರಗಳಿಂದ ಇವರ ‘ಮೇಘಕೋಷ್ಠ’ ಹುಟ್ಟಿತು, ಅದಕ್ಕೆ 1927ರಲ್ಲಿ ನೊಬೆಲ್ ಬಂತು. 1925ರಲ್ಲಿ ಅವರು ಒಂದು ಸರಳ ಲೆಕ್ಕ ಮುಂದಿಟ್ಟರು. ಅದರ ತಿರುಳು ಇಷ್ಟು: ಎಲೆಕ್ಟ್ರಾನಿನ ವೇಗ ಹೆಚ್ಚಿದಂತೆಲ್ಲ ಗಾಳಿ ಒಡ್ಡುವ ತಡೆ ಹೆಚ್ಚುತ್ತಲೇ ಹೋಗುವುದಿಲ್ಲ, ಒಂದು ಹಂತದ ನಂತರ ಕಡಿಮೆಯಾಗುತ್ತದೆ.

ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, ಸಮುದ್ರಮಟ್ಟದ ಗಾಳಿಯಲ್ಲಿ ತಡೆ ಅತಿ ಹೆಚ್ಚಿರುವುದು ಎಲೆಕ್ಟ್ರಾನಿನ ಶಕ್ತಿ ನೂರಿನ್ನೂರು ಎಲೆಕ್ಟ್ರಾನ್-ವೋಲ್ಟ್ ಇರುವಾಗ. ಅದನ್ನು ದಾಟಿಸಲು ಪ್ರತಿ ಸೆಂಟಿಮೀಟರಿಗೆ ಸುಮಾರು 260 ಕಿಲೋವೋಲ್ಟ್ ವಿದ್ಯುತ್ ಕ್ಷೇತ್ರ ಬೇಕು. ಶಕ್ತಿ ಹತ್ತು ಲಕ್ಷ ಎಲೆಕ್ಟ್ರಾನ್-ವೋಲ್ಟಿನ ಆಸುಪಾಸಿಗೆ ಬಂದಾಗ ತಡೆ ತೀರ ಇಳಿಯುತ್ತದೆ. ಆಗ ಬರಿ 2.2 ಕಿಲೋವೋಲ್ಟ್ ಸಾಕು. ಮುಂಬೈಯಿಂದ ರೈಲಿನಲ್ಲಿ ಬಂದವರಿಗೆ ಇದು ತಟ್ಟನೆ ಅರ್ಥವಾದೀತು. ಕರ್ಜತ್‌ನಿಂದ ಭೋರ್ ಘಾಟ್ ಹತ್ತಿಸಲು ಗಾಡಿಯ ಹಿಂದೆ ಹೆಚ್ಚುವರಿ ಎಂಜಿನ್ ಕಟ್ಟಬೇಕು. ಲೋಣಾವಳೆ ಮುಟ್ಟಿದ ಮೇಲೆ ತಳೇಗಾಂವದವರೆಗೆ ಆ ನೆರವು ಬೇಡ. ಎಲೆಕ್ಟ್ರಾನಿನ ಪಾಲಿಗೆ ಘಾಟ್ ದಾಟುವುದೇ ಕಷ್ಟ. ದಾಟಿದ್ದು ಡಿಕ್ಕಿಯಲ್ಲಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚನ್ನು ಕ್ಷೇತ್ರದಿಂದ ಗಳಿಸುತ್ತ ಓಡುತ್ತಲೇ ಇರುತ್ತದೆ. ಭೌತವಿಜ್ಞಾನಿಗಳು ಇದನ್ನೇ ರನ್‌ಅವೇ ಎಲೆಕ್ಟ್ರಾನು ಎನ್ನುವುದು.

ಗಾಳಿ ಮಾಮೂಲಾಗಿ ಒಡೆದು ಕಿಡಿ ಹಾರುವುದು ಸೆಂಟಿಮೀಟರಿಗೆ 30 ಕಿಲೋವೋಲ್ಟ್ ಸುಮಾರಿಗೆ. ಈ ಅಂಕಿ ಮೇಲಿನ ಎರಡರ ನಡುವೆ ಇದೆ, ಜಗಳ ಹುಟ್ಟುವುದೂ ಇಲ್ಲಿಯೇ. ಕ್ಷೇತ್ರ 260ಕ್ಕೆ ಏರುವ ಎಷ್ಟೋ ಮೊದಲೇ ಗಾಳಿ ಒಡೆದು ಕ್ಷೇತ್ರ ಕುಸಿಯುತ್ತದೆ. ಹಾಗಿದ್ದರೆ ದಾರಿ ಎರಡೇ: ಕಣ್ಣೆವೆ ಇಕ್ಕುವುದರೊಳಗೆ, ಗಾಳಿ ಒಡೆಯಲು ಪುರಸೊತ್ತು ಸಿಗದಂತೆ ಭಾರಿ ಕ್ಷೇತ್ರ ಹೇರಬೇಕು, ಇಲ್ಲವೇ ಘಾಟ್‌ನ ಆಚೆಯೇ ಹುಟ್ಟಿದ ಎಲೆಕ್ಟ್ರಾನು ಸಿಗಬೇಕು. ವಿಲ್ಸನ್ ನೆಚ್ಚಿದ್ದು ಎರಡನೆಯದನ್ನು. ದಕ್ಷಿಣ ಆಫ್ರಿಕಾದಲ್ಲಿ ಬಾಸಿಲ್ ಶೋನ್‌ಲ್ಯಾಂಡ್ 1930ರ ದಶಕದ ಆರಂಭದಲ್ಲಿ ಮೋಡದ ಕೆಳಗೆ ಉಪಕರಣ ಇಟ್ಟು ಹುಡುಕಿದರು; ಖಚಿತ ಉತ್ತರ ಬರಲಿಲ್ಲ. ವಿಷಯ ಹಲವು ದಶಕ ಮೂಲೆಗೆ ಬಿತ್ತು.

ಮೊದಲ ಪಂಥ: ಕ್ಷಣದ ಭಾರಿ ಕ್ಷೇತ್ರ

ಅದು ಎದ್ದು ಬಂದದ್ದು ಪ್ರಯೋಗಶಾಲೆಯಿಂದ. 1961ರಲ್ಲಿ ಸೋವಿಯತ್ ಸಿದ್ಧಾಂತಿ ಅಲೆಕ್ಸಾಂಡರ್ ಗುರೆವಿಚ್ ಸಾಮಾನ್ಯ ಶಕ್ತಿಯ ಎಲೆಕ್ಟ್ರಾನುಗಳನ್ನೇ ಘಾಟ್ ಹತ್ತಿಸಲು ಎಷ್ಟು ಕ್ಷೇತ್ರ ಬೇಕೆಂದು ಲೆಕ್ಕ ಹಾಕಿದರು. 1966ರಲ್ಲಿ ಹೀಲಿಯಂ ತುಂಬಿದ ಸ್ಪಾರ್ಕ್ ಚೇಂಬರಿನ ಕಿಡಿಯಿಂದ, 1967ರಲ್ಲಿ ಸ್ತಾಂಕೆವಿಚ್ ಮತ್ತು ಕಲಿನಿನ್ ಎಂಬ ಸೋವಿಯತ್ ವಿಜ್ಞಾನಿಗಳ ಪ್ರಯೋಗದಲ್ಲಿ ಸಾಮಾನ್ಯ ಒತ್ತಡದ ಗಾಳಿಯಿಂದಲೇ ಎಕ್ಸ್-ರೇ ಬಂತು. ಗುಟ್ಟು ಇದ್ದದ್ದು ವೇಗದಲ್ಲಿ. ವೋಲ್ಟೇಜ್ ನ್ಯಾನೋಸೆಕೆಂಡುಗಳಲ್ಲಿ ಏರಿದರೆ ಗಾಳಿ ಒಡೆಯುವುದರೊಳಗೆ ಚೂಪು ಎಲೆಕ್ಟ್ರೋಡಿನ ತುದಿಯಲ್ಲಿ ಕ್ಷೇತ್ರ ಮಿತಿ ದಾಟಿರುತ್ತದೆ. ಮುಂದೆ ತೋಮ್ಸ್ಕ್‌ನ ವಿಕ್ತರ್ ತರಸೆಂಕೊ ಅವರ ತಂಡ ಇಂಥ ವಿಸರ್ಜನೆಯಿಂದ ಸುಮಾರು 100 ಪಿಕೋಸೆಕೆಂಡಿನ ಎಲೆಕ್ಟ್ರಾನು ಕಿರಣಪುಂಜಗಳನ್ನು ಅಳೆಯಿತು.

ಈ ಪಂಥದೊಳಗೂ ಒಡಕಿದೆ. ಆ ಎಲೆಕ್ಟ್ರಾನುಗಳು ಋಣ ಎಲೆಕ್ಟ್ರೋಡಿನ ಮೇಲ್ಮೈಯ ಸೂಕ್ಷ್ಮ ಮೊನೆಗಳಿಂದ ಚಿಮ್ಮಿ ಅಲ್ಲೇ ವೇಗ ಪಡೆಯುತ್ತವೆ ಎನ್ನುವುದು ಒಂದು ಮತ. ಅನಿಲದಲ್ಲಿ ಮುನ್ನುಗ್ಗುವ ಅಯಾನು ಅಲೆಯ ಮುಂಭಾಗದಲ್ಲಿ ಕ್ಷೇತ್ರ ದಟ್ಟೈಸಿರುತ್ತದೆ, ಎಲೆಕ್ಟ್ರಾನು ಆ ಅಲೆಯ ಜೊತೆಗೇ ಸಾಗುತ್ತ ಬಲಿಯುತ್ತದೆ ಎನ್ನುವುದು ಇನ್ನೊಂದು. ಇದರ ಮೂಲ ಅಸ್ಕಾರ್ಯನ್ ಅವರ ಕಲ್ಪನೆ. ಎರಡನೆಯದು ನಿಜವಾದರೆ ಕೊಟ್ಟ ವೋಲ್ಟೇಜಿಗೆ ಮೀರಿದ ಶಕ್ತಿಯ ಎಲೆಕ್ಟ್ರಾನುಗಳೂ ಸಿಗಬೇಕು. ಸಿಕ್ಕಿವೆ ಎಂದು ಕೆಲವು ತಂಡಗಳು ಹೇಳುತ್ತವೆ. ಎಷ್ಟು ಸಿಕ್ಕಿವೆ, ಅಳತೆ ಎಷ್ಟು ನಂಬಿಕಸ್ಥ ಎಂಬ ಚರ್ಚೆ ಮುಗಿದಿಲ್ಲ.

ಈ ಪಂಥ ಚೆನ್ನಾಗಿ ವಿವರಿಸುವುದು ನೆಲದ ಹತ್ತಿರದ ಸಿಡಿಲನ್ನು. 2001ರಲ್ಲಿ ನ್ಯೂ ಮೆಕ್ಸಿಕೋದ ಬೆಟ್ಟದ ಮೇಲೆ ಸಹಜ ಸಿಡಿಲಿನಿಂದ ಬಂದ ವಿಕಿರಣ ದಾಖಲಾಯಿತು. 2003ರಿಂದ ಫ್ಲಾರಿಡಾದಲ್ಲಿ ಜೋಸೆಫ್ ಡ್ವೈಯರ್ ತಂಡ ತಾಮ್ರದ ತಂತಿ ಕಟ್ಟಿದ ರಾಕೆಟ್ ಹಾರಿಸಿ ಸಿಡಿಲು ಇಳಿಸಿಕೊಂಡು ಅಳೆಯಿತು. ಮೋಡದಿಂದ ಕೆಳಗಿಳಿಯುವ ಲೀಡರ್ ಎಂಬ ಕಾಲುವೆ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಒಂದೊಂದು ಹೆಜ್ಜೆಗೂ ಒಂದೊಂದು ಎಕ್ಸ್-ರೇ ಸಿಡಿತ ಕಂಡುಬಂತು. 2005ರಲ್ಲಿ ಒಂದೆರಡು ಮೀಟರ್ ಉದ್ದದ ಪ್ರಯೋಗಶಾಲೆಯ ಕಿಡಿಯಲ್ಲೂ ಅದು ಸಿಕ್ಕಿತು. ಇಲ್ಲೆಲ್ಲ ಶಕ್ತಿ ಬಹುಮಟ್ಟಿಗೆ ಕೆಲವು ಲಕ್ಷ ಎಲೆಕ್ಟ್ರಾನ್-ವೋಲ್ಟ್. ಮೋಡದಿಂದ ಬರುವ ಕೋಟಿಗಟ್ಟಲೆ ಎಲೆಕ್ಟ್ರಾನ್-ವೋಲ್ಟಿನ ಗಾಮಾ ಕಿರಣಕ್ಕೆ ಮಾತ್ರ ಈ ವಿವರಣೆ ಸಾಲದು.

ಎರಡನೆಯ ಪಂಥ: ಆಕಾಶದಿಂದ ಬಂದ ಬೀಜ

ಆ ಕೊರತೆ ತುಂಬಲು ಹೊರಟವರೂ ಗುರೆವಿಚ್ ಅವರೇ. 1992ರಲ್ಲಿ ಮಿಲಿಖ್ ಮತ್ತು ರೂಸೆಲ್-ಡುಪ್ರೆ ಜೊತೆ ಸೇರಿ ಅವರು ವಿಲ್ಸನ್ ಕಲ್ಪನೆಗೆ ಒಂದು ಮುಖ್ಯ ಕೊಂಡಿ ಸೇರಿಸಿದರು. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಘಾಟ್ ದಾಟಿದ ಎಲೆಕ್ಟ್ರಾನುಗಳು ಎಲ್ಲೆಲ್ಲೂ ಹುಟ್ಟುತ್ತಲೇ ಇರುತ್ತವೆ. ಅವು ಮೋಡದ ಕ್ಷೇತ್ರದಲ್ಲಿ ಓಡುವಾಗ ಅಣುಗಳಿಂದ ಇತರ ಎಲೆಕ್ಟ್ರಾನುಗಳನ್ನು ಬಡಿದೆಬ್ಬಿಸುತ್ತವೆ. ಅವುಗಳಲ್ಲಿ ಕೆಲವು ನೇರ ಘಾಟ್‌ನ ಆಚೆಯೇ ಬೀಳುವಷ್ಟು ಜೋರಾಗಿ ಚಿಮ್ಮುತ್ತವೆ. ಹೀಗೆ ಬೆಳಕಿನ ವೇಗದ ಸಮೀಪದ ಅವಲಾಂಚ್ ಬೆಳೆಯುತ್ತದೆ. ಅದಕ್ಕೆ ಸಮುದ್ರಮಟ್ಟದ ಲೆಕ್ಕದಲ್ಲಿ ಸೆಂಟಿಮೀಟರಿಗೆ 2.8 ಕಿಲೋವೋಲ್ಟಿನಷ್ಟು ಕ್ಷೇತ್ರ ಸಾಕು. ಗಾಳಿ ತೆಳುವಾದ ಎತ್ತರದಲ್ಲಿ ಇನ್ನೂ ಕಡಿಮೆ ಸಾಕು. ಬಲೂನುಗಳು ಮೋಡದೊಳಗೆ ಅಳೆದ ಕ್ಷೇತ್ರ ಈ ಮಿತಿಯನ್ನು ಮುಟ್ಟುತ್ತದೆ, ಮಾಮೂಲಿ ಕಿಡಿಯ ಮಿತಿಯನ್ನಲ್ಲ.

ಎರಡೇ ವರ್ಷದಲ್ಲಿ ಅನಿರೀಕ್ಷಿತ ಕಡೆಯಿಂದ ಬೆಂಬಲ ಬಂತು. ದೂರದ ಗೆಲಾಕ್ಸಿಗಳ ಗಾಮಾ ಸ್ಫೋಟ ಹಿಡಿಯಲು 1991ರಲ್ಲಿ ಹಾರಿಸಿದ ಕಾಂಪ್ಟನ್ ಉಪಗ್ರಹಕ್ಕೆ ಕೆಳಗಿನಿಂದ, ಭೂಮಿಯ ಗುಡುಗುಮೋಡಗಳಿಂದ ಮಿಲಿಸೆಕೆಂಡು ಅವಧಿಯ ಗಾಮಾ ಮಿಂಚು ಬರುತ್ತಿತ್ತು. ಜೆರಾಲ್ಡ್ ಫಿಶ್‌ಮನ್ ತಂಡ 1994ರಲ್ಲಿ ಇದನ್ನು ಪ್ರಕಟಿಸಿತು. ಅದರ ಶಕ್ತಿಯ ಹಂಚಿಕೆ ಅವಲಾಂಚ್ ಸಿದ್ಧಾಂತಕ್ಕೆ ಹೊಂದಿತು. ಈ ಅವಲಾಂಚಿನಲ್ಲಿ ಎಲೆಕ್ಟ್ರಾನುಗಳ ಸರಾಸರಿ ಶಕ್ತಿ ಕ್ಷೇತ್ರ ಎಷ್ಟೇ ಇರಲಿ ಸುಮಾರು 70 ಲಕ್ಷ ಎಲೆಕ್ಟ್ರಾನ್-ವೋಲ್ಟ್. ಸಿದ್ಧಾಂತದ ನಿಜವಾದ ಬಲ ಇದು. ಮೋಡದಲ್ಲಿ ಸೆಕೆಂಡುಗಳಿಂದ ನಿಮಿಷಗಳವರೆಗೆ ಉಳಿಯುವ ಮಂದ ಗಾಮಾ ಹೊಳಪನ್ನೂ ಇದು ವಿವರಿಸುತ್ತದೆ. ಎಡವುವುದು ಲೆಕ್ಕದ ಪ್ರಮಾಣದಲ್ಲಿ. ಒಂದು ಗಾಮಾ ಮಿಂಚಿಗೆ 10¹⁷ರ ಆಸುಪಾಸಿನಷ್ಟು ವೇಗದ ಎಲೆಕ್ಟ್ರಾನು ಬೇಕು. ಸಹಜ ಕಾಸ್ಮಿಕ್ ಬೀಜದಿಂದ ಒಂದೇ ಸಲಕ್ಕೆ ಅಷ್ಟು ಬೆಳೆ ತೆಗೆಯಲಾಗದು.

ಮೂರನೆಯ ಪಂಥ: ಮರಳಿ ಹುಟ್ಟುವ ಅವಲಾಂಚ್

2003ರಲ್ಲಿ ಡ್ವೈಯರ್ ಇದಕ್ಕೊಂದು ಪರಿಹಾರ ಸೂಚಿಸಿದರು. ಅವಲಾಂಚ್ ಹೊರಡಿಸುವ ಗಾಮಾ ಕಿರಣದಿಂದ ಪಾಸಿಟ್ರಾನುಗಳೂ ಹುಟ್ಟುತ್ತವೆ. ಅವು ಧನ ವಿದ್ಯುದಂಶದವಾದ್ದರಿಂದ ಎದುರು ದಿಕ್ಕಿಗೆ ಓಡಿ, ಅವಲಾಂಚ್ ಶುರುವಾದ ಜಾಗಕ್ಕೇ ಹೋಗಿ ಹೊಸ ಎಲೆಕ್ಟ್ರಾನು ಬಡಿದೆಬ್ಬಿಸುತ್ತವೆ. ಹಿಂದಕ್ಕೆ ಚದುರಿದ ಎಕ್ಸ್-ರೇ ಕೂಡ ಅದನ್ನೇ ಮಾಡುತ್ತದೆ. ಒಂದು ಅವಲಾಂಚ್ ಇನ್ನೊಂದನ್ನು ಹುಟ್ಟಿಸುತ್ತದೆ. ಹೊರಗಿನ ಬೀಜದ ಹಂಗು ತಪ್ಪುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ಪಾಸಿಟ್ರಾನು ಇರುವುದೇನೋ ನಿಜ: ಗುಡುಗುಮೋಡದಿಂದ ಮೇಲೆದ್ದ ಪಾಸಿಟ್ರಾನುಗಳನ್ನು ಫರ್ಮಿ ಉಪಗ್ರಹ ಹಿಡಿದದ್ದು 2011ರಲ್ಲಿ ಪ್ರಕಟವಾಯಿತು.

ಇದಕ್ಕೆ ಎದುರಾಗಿ ಮೊದಲ ಪಂಥದವರು ಹೇಳುವುದು ಬೇರೆ: ಬೀಜ ಬೇಕಾದರೆ ಮೋಡದೊಳಗೆ ಬೆಳೆಯುವ ಲೀಡರಿನ ತುದಿಯೇ ಕೋಟ್ಯಂತರ ಎಲೆಕ್ಟ್ರಾನುಗಳನ್ನು ಘಾಟ್ ಹತ್ತಿಸಿ ಕೊಡುತ್ತದೆ, ಅಲ್ಲಿಂದ ಮುಂದೆ ಮೋಡದ ಕ್ಷೇತ್ರ ಅವನ್ನು ಹೆಚ್ಚಿಸುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2018ರಲ್ಲಿ ಕಟ್ಟಿದ ಎಎಸ್‌ಐಎಂ ಉಪಕರಣ ಗಾಮಾ ಮಿಂಚನ್ನೂ ಬೆಳಕಿನ ಮಿಂಚನ್ನೂ ಒಟ್ಟಿಗೆ ನೋಡಿ, ಎರಡೂ ಹತ್ತಿರ ಹತ್ತಿರ ಬರುವುದನ್ನು ತೋರಿಸಿತು. ಇದು ಲೀಡರ್ ವಾದಕ್ಕೆ ಅನುಕೂಲ. ಆದರೆ 2023ರ ಜುಲೈಯಲ್ಲಿ ನಾಸಾದ ಇಆರ್-2 ವಿಮಾನ 20 ಕಿಲೋಮೀಟರ್ ಎತ್ತರದಲ್ಲಿ ಉಷ್ಣವಲಯದ ಮೋಡಗಳ ಮೇಲೆ ಹಾರಿದಾಗ ಬೇರೆಯದೇ ಕಂಡಿತು. ಸಾವಿರಾರು ಚದರ ಕಿಲೋಮೀಟರ್ ಮೋಡ ಗಂಟೆಗಟ್ಟಲೆ ಗಾಮಾ ಕಿರಣದಲ್ಲಿ ಹೊಳೆಯುತ್ತ, ನಡುನಡುವೆ ಮಿಂಚಿನ ಸುಳಿವೇ ಇಲ್ಲದೆ ಮಿಣುಕುತ್ತಿತ್ತು. ಲೀಡರ್ ಇಲ್ಲದೆಯೂ ಮಿಣುಕುವುದಾದರೆ ಫೀಡ್‌ಬ್ಯಾಕ್ ವಾದಕ್ಕೆ ಬಲ ಬಂದಂತೆ. 2024ರಲ್ಲಿ ಪ್ರಕಟವಾದ ಈ ಫಲಿತಾಂಶಗಳ ಮೇಲೆ ಎರಡೂ ಕಡೆಯವರು ಈಗ ಲೆಕ್ಕ ತಿದ್ದುತ್ತಿದ್ದಾರೆ.

ಕೋಲಾರದ ಕೊಳವೆ, ಊಟಿಯ ಮೋಡ

ಮೂರೂ ಪಂಥಗಳಿಗೆ ಬೇಕಾದ ಮುಖ್ಯ ಅಂಕಿಯೊಂದಿದೆ: ಮೋಡದ ಎರಡು ತುದಿಗಳ ನಡುವೆ ಒಟ್ಟು ವೋಲ್ಟೇಜ್ ಎಷ್ಟು? ಬಲೂನು ತಾನು ಹೋದ ದಾರಿಯನ್ನಷ್ಟೇ ಅಳೆಯುತ್ತದೆ. ಇಡೀ ಮೋಡವನ್ನು ಅಳೆದ ಕೀರ್ತಿ ಊಟಿಯ ಗ್ರೇಪ್ಸ್-3 ಪ್ರಯೋಗದ್ದು, ಅದರ ಬೇರು ನಮ್ಮ ಕೋಲಾರದಲ್ಲಿದೆ.

ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಕೋಲಾರ ಚಿನ್ನದ ಗಣಿಗೆ ಇಳಿದು ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಯಾನು ಎಂಬ ಕಣಗಳನ್ನು ಅಳೆಯಲು ಶುರುಮಾಡಿದರು. ಅದೇ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಪತ್ತೆಯಾಯಿತು. 1980ರ ದಶಕದಲ್ಲಿ ಪ್ರೋಟಾನು ಕ್ಷಯದ ಹುಡುಕಾಟ ನಡೆಯಿತು. ಆ ಹುಡುಕಾಟಕ್ಕೆ ಬಳಸಿದ್ದು ಆರು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಚೌಕದ ಕಬ್ಬಿಣದ ಕೊಳವೆಗಳು. ಒಳಗೆ ಆರ್ಗಾನ್–ಮೀಥೇನ್ ಅನಿಲ, ನಡುವೆ ಒಂದು ತಂತಿ, ತಂತಿಗೆ ಹೆಚ್ಚಿನ ವೋಲ್ಟೇಜ್. ಮ್ಯೂಯಾನು ಹಾದುಹೋದರೆ ಅನಿಲದಲ್ಲಿ ಕೆಲವು ಎಲೆಕ್ಟ್ರಾನು ಬಿಡುಗಡೆಯಾಗುತ್ತವೆ. ತಂತಿಯ ಹತ್ತಿರ ಅವು ಟೌನ್‌ಸೆಂಡ್ ಹೇಳಿದ ಅವಲಾಂಚ್ ಆಗಿ ಅಳೆಯಬಹುದಾದ ಸಂಕೇತವಾಗುತ್ತವೆ. ಗಣಿಯ ಪ್ರಯೋಗ ಮುಗಿದ ಮೇಲೆ ಈ ಬಗೆಯ ಕೊಳವೆಗಳು ನೀಲಗಿರಿ ಸೇರಿದವು. ಊಟಿಯಲ್ಲಿ 3,712 ಕೊಳವೆಗಳನ್ನು 560 ಚದರ ಮೀಟರಿನಲ್ಲಿ ಜೋಡಿಸಿ ಮ್ಯೂಯಾನು ದೂರದರ್ಶಕ ಕಟ್ಟಲಾಗಿದೆ. ಮೋಡದೊಳಗಿನ ದೊಡ್ಡ ಅವಲಾಂಚ್‌ಗಳ ಲೆಕ್ಕ ಹೇಳಿದ್ದು ಹೀಗೆ ಕೊಳವೆಯೊಳಗಿನ ಸಣ್ಣ ಅವಲಾಂಚ್‌ಗಳು.

2014ರ ಡಿಸೆಂಬರ್ 1ರಂದು ದೂರದರ್ಶಕದ ಮೇಲೆ ಗುಡುಗುಮೋಡ ಹಾದುಹೋಯಿತು. 18 ನಿಮಿಷಗಳ ಆ ಅವಧಿಯಲ್ಲಿ ಮ್ಯೂಯಾನುಗಳ ಎಣಿಕೆ ಸುಮಾರು ಶೇ 2ರಷ್ಟು ಕುಸಿಯಿತು. ನೆಲಕ್ಕೆ ಬರುವ ಮ್ಯೂಯಾನುಗಳಲ್ಲಿ ಧನ ವಿದ್ಯುದಂಶದವು ಋಣದವಕ್ಕಿಂತ ಹೆಚ್ಚು. ಮೋಡದ ವೋಲ್ಟೇಜ್ ಧನದವನ್ನು ತಡೆದು ಋಣದವನ್ನು ನೂಕಿದರೆ ಒಟ್ಟು ಎಣಿಕೆ ಇಳಿಯುತ್ತದೆ. ಆ ಇಳಿತದಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿ. ಹರಿಹರನ್, ಸುನಿಲ್ ಗುಪ್ತ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಉತ್ತರ 1.3 ಗಿಗಾವೋಲ್ಟ್, ಅಂದರೆ 130 ಕೋಟಿ ವೋಲ್ಟ್. ಗುಡುಗುಮೋಡದಲ್ಲಿ ನೂರು ಕೋಟಿ ವೋಲ್ಟ್ ಇರಬಹುದೆಂದು ವಿಲ್ಸನ್ 1920ರ ದಶಕದಲ್ಲೇ ಅಂದಾಜಿಸಿದ್ದರು. ಅವಲಾಂಚ್ ಹೆಚ್ಚಲು, ಕೋಟಿಗಟ್ಟಲೆ ಎಲೆಕ್ಟ್ರಾನ್-ವೋಲ್ಟಿನ ಗಾಮಾ ಹುಟ್ಟಲು ಇಷ್ಟು ವೋಲ್ಟೇಜ್ ಧಾರಾಳ ಸಾಕು. ಆದರೆ ಈ ಅಂಕಿಗೆ ಮೋಡದೊಳಗೆ ಕ್ಷೇತ್ರ ಹೇಗೆ ಹರಡಿತ್ತು ಎಂಬ ಊಹೆಯ ಆಧಾರವೂ ಇದೆ ಎಂಬುದನ್ನು ಮರೆಯಬಾರದು.

ಗುಲ್ಮಾರ್ಗ್‌ನ ನ್ಯೂಟ್ರಾನು

ಸಿಡಿಲಿನ ವೇಳೆ ನ್ಯೂಟ್ರಾನು ಹೆಚ್ಚುವುದನ್ನು ಮೊದಲು ವರದಿ ಮಾಡಿದವರಲ್ಲಿ ಭಾರತೀಯರಿದ್ದಾರೆ. ಕಾಶ್ಮೀರದ ಗುಲ್ಮಾರ್ಗ್‌ನ ಮಾಪಕದಿಂದ ಜಿ.ಎನ್. ಶಾ, ಎಚ್. ರಾಜ್ದಾನ್ ಮತ್ತು ಸಂಗಡಿಗರು 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಸಿಡಿಲಿನ ಕಾಲುವೆಯ ಶಾಖದಲ್ಲಿ ಡ್ಯೂಟೀರಿಯಂ ಬೆಸೆಯುತ್ತದೆ ಎಂಬುದು ಆಗಿನ ವಿವರಣೆ. ರಷ್ಯದ ಲಿಯೊನಿದ್ ಬಾಬಿಚ್ ಲೆಕ್ಕ ಹಾಕಿ ಅದು ಸಾಧ್ಯವಿಲ್ಲವೆಂದೂ, 1.05 ಕೋಟಿ ಎಲೆಕ್ಟ್ರಾನ್-ವೋಲ್ಟ್ ದಾಟಿದ ಗಾಮಾ ಕಿರಣ ನೈಟ್ರೋಜನ್ ನ್ಯೂಕ್ಲಿಯಸ್ಸಿನಿಂದ ನ್ಯೂಟ್ರಾನನ್ನು ಕಿತ್ತುಹಾಕುತ್ತದೆಂದೂ ವಾದಿಸಿದರು. ಈ ಜಗಳ ಮಾತ್ರ ಬಹುಮಟ್ಟಿಗೆ ತೀರ್ಮಾನವಾಗಿದೆ. 2017ರ ಫೆಬ್ರವರಿ 6ರಂದು ಜಪಾನಿನ ಕಾಶಿವಜಾಕಿಯಲ್ಲಿ ಸಿಡಿಲಿನ ನಂತರ ತೆರುವಾಕಿ ಎನೊಟೊ ತಂಡ ಪಾಸಿಟ್ರಾನು ನಾಶದ ಗುರುತಾದ 511 ಕಿಲೋ ಎಲೆಕ್ಟ್ರಾನ್-ವೋಲ್ಟಿನ ಗೆರೆಯನ್ನು ನೋಡಿತು. ನ್ಯೂಟ್ರಾನು ಕಳೆದುಕೊಂಡು ಉಳಿದ ನೈಟ್ರೋಜನ್-13 ಪಾಸಿಟ್ರಾನು ಹೊರಡಿಸುತ್ತ ಕ್ಷಯಿಸಿದ್ದರ ಸಾಕ್ಷಿ ಅದು.

ಇನ್ನೂ ಬಾಕಿ ಇರುವ ಪ್ರಶ್ನೆಗಳು

ಈ ನಕ್ಷೆಯಲ್ಲಿ ನಾಲ್ಕು ಜಾಗ ಖಾಲಿ ಇವೆ. ಒಂದು, ನ್ಯಾನೋಸೆಕೆಂಡು ಕಿಡಿಯಲ್ಲಿ ವೇಗದ ಎಲೆಕ್ಟ್ರಾನು ಹುಟ್ಟುವುದು ಎಲೆಕ್ಟ್ರೋಡಿನಲ್ಲೋ ಅನಿಲದ ನಡುವೆಯೋ. ಎರಡು, ಉಪಗ್ರಹ ಕಂಡ ಗಾಮಾ ಮಿಂಚಿಗೆ ಬೀಜ ಕೊಡುವುದು ಲೀಡರೋ ಫೀಡ್‌ಬ್ಯಾಕೋ, ಅಥವಾ ಮೋಡದಿಂದ ಮೋಡಕ್ಕೆ ಬೇರೆ ಬೇರೆಯೋ. ಮೂರು, ಮಾಮೂಲಿ ಮಿತಿಯ ಹತ್ತನೇ ಒಂದು ಭಾಗದಷ್ಟು ಕ್ಷೇತ್ರದಲ್ಲೇ ಮಿಂಚು ಹೇಗೆ ಶುರುವಾಗುತ್ತದೆ: ಕಾಸ್ಮಿಕ್ ಕಿರಣದ ಅವಲಾಂಚ್ ಕಿಡಿ ಹಚ್ಚುತ್ತದೆ ಎಂಬುದು ಗುರೆವಿಚ್ ಅವರ ನಿಲುವು, ಮಂಜಿನ ಹರಳು ಮತ್ತು ಹನಿಗಳ ತುದಿಯಿಂದ ಸ್ಟ್ರೀಮರ್ ಹೊರಡುತ್ತದೆ ಎಂಬುದು ಅದಕ್ಕೆದುರಿನದು. ನಾಲ್ಕು, ಮೋಡದ ಪಕ್ಕದಲ್ಲಿ ಹಾರುವ ವಿಮಾನದ ಪ್ರಯಾಣಿಕರಿಗೆ ಎಷ್ಟು ವಿಕಿರಣ ತಾಕಬಹುದು ಎಂಬುದು. ನೆಲದ ಮೇಲಿರುವವರು ಈ ಕೊನೆಯದಕ್ಕೆ ಹೆದರಬೇಕಿಲ್ಲ: ಮೋಡದ ಗಾಮಾ ಕಿರಣದ ಬಹುಪಾಲನ್ನು ನಡುವಿನ ಗಾಳಿಯೇ ನುಂಗುತ್ತದೆ, ಸಿಡಿಲಿನ ವಿದ್ಯುತ್ತೇ ಸಾವಿರ ಪಾಲು ಅಪಾಯಕಾರಿ.

ಪಂಥಗಳು ಬೇರೆಬೇರೆಯಾದರೂ ನಂಬಿರುವ ತಡೆಯ ಲೆಕ್ಕ ಒಂದೇ. ಘಾಟ್ ಎಷ್ಟು ಎತ್ತರ ಎಂಬ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು ಅದನ್ನು ಎಲ್ಲಿ, ಯಾವ ಕ್ಷಣದಲ್ಲಿ ದಾಟಲಾಯಿತು ಎಂಬುದರಲ್ಲಿ. ಆದ್ದರಿಂದ ಹೊಸ ಸಿದ್ಧಾಂತಕ್ಕಿಂತ ಈಗ ಬೇಕಾದದ್ದು ಒಂದೇ ಮೋಡವನ್ನು ಹಲವು ಕಣ್ಣುಗಳಿಂದ ಒಟ್ಟಿಗೆ ನೋಡುವ ಅಳತೆ. ಮಿಂಚಿನ ಜಾಗ ಮತ್ತು ಕಾಲವನ್ನು ಹೇಳುವ ಜಾಲ ಪುಣೆಯವರ ಕೈಯಲ್ಲಿದೆ, ಮೋಡದ ಒಟ್ಟು ವೋಲ್ಟೇಜ್ ಹೇಳುವ ದೂರದರ್ಶಕ ಊಟಿಯಲ್ಲಿದೆ. ಇವೆರಡರ ಪಕ್ಕಕ್ಕೆ ಮೈಕ್ರೋಸೆಕೆಂಡು ಎಣಿಸಬಲ್ಲ ಗಾಮಾ ಮಾಪಕಗಳ ಸಾಲೊಂದನ್ನು ಸಹ್ಯಾದ್ರಿಯ ನೆತ್ತಿಯ ಮೇಲೆ ಕೂರಿಸಿದರೆ, ನಾಲ್ಕರಲ್ಲಿ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಮೇಲೆ ಇಲ್ಲಿಂದಲೇ ಹೊಸ ಬೆಳಕು ಬೀಳಬಹುದು.